ಬಂದೆ ಸಾ, ಬಂದೆ

ನಮ್ಮ ಬಚ್ಚಲುಮನೆಯ ನಲ್ಲಿ ಕೆಟ್ಟು 11 ದಿನ ಆಗಿತ್ತು. ಈ 11 ದಿನಗಳಲ್ಲಿ ಪ್ಲಂಬರ್ 14 ಸಲ ಬಂದಿದ್ದರು. ಫೋನಿನಲ್ಲಿ.

"ಬಂದೆ ಸಾ." ಅಷ್ಟೇ. ನಾನು ಹಲೋ ಅನ್ನುವುದಕ್ಕೆ ಮುಂಚೆಯೇ ಅವರು ಬಂದಾಗಿರುತ್ತದೆ. ಅವರು ಮಂಡ್ಯ ಕಡೆಯವರು, ನಾನೂ ಅಲ್ಲಿಯವನೇ. ಹಾಗಾಗಿ ಬೈಯೋಕೂ ಬಾಯಿ ಬರುವುದಿಲ್ಲ.

"ಎಲ್ಲಿದ್ದೀರಪ್ಪಾ?"

"ದಾರೀಲಿವ್ನಿ ಸಾ. ಇಲ್ಲೇ, ಬಲ್ಲಾಳ್ ಸರ್ಕಲ್."

ಹಿಂದಿನಿಂದ ಕುಕ್ಕರ್ ಕೂಗಿತು. ಒಂದು ಸಲ ಅಲ್ಲ, ಮೂರು ಸಲ. ಬಲ್ಲಾಳ್ ಸರ್ಕಲ್‌ನಲ್ಲಿ ನಾನು ಬೇಕಾದಷ್ಟು ಸಲ ನಿಂತಿದ್ದೇನೆ. ಬಸ್ಸು ಕೂಗುತ್ತದೆ, ಆಟೋ ಕೂಗುತ್ತದೆ. ಕುಕ್ಕರ್ ಕೂಗಿದ್ದನ್ನು ಮಾತ್ರ ಇವತ್ತಿನವರೆಗೆ ಕೇಳಿಲ್ಲ.

ನಲ್ಲಿಯ ವಿಷಯ ಹೇಳಿಬಿಡುತ್ತೇನೆ. ಮೊದಲು ತೊಟ್ಟಿಕ್ಕುತ್ತಿತ್ತು. ನಾನು ಸುಮ್ನೆ ಇರಲಾರದೆ ಜೋರಾಗಿ ತಿರುಗಿಸಿದೆ. ಆಮೇಲೆ ನೂಲಿನ ಹಾಗೆ ಸುರಿಯತೊಡಗಿತು. ಮಂಡ್ಯದಲ್ಲಿ ಬೆಳೆದವರಿಗೆ ಒಂದು ಚಟ ಇದೆ. ಪೇಪರ್ ಬಂದ ತಕ್ಷಣ ಮೊದಲು ನೋಡುವುದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ. ಗರಿಷ್ಠ 124.80 ಅಡಿ, ಇವತ್ತು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಆ ಚಟದಲ್ಲೇ ನಾನು ಬಕೆಟ್ಟಿನ ಪಕ್ಕ ಗಡಿಯಾರ ಇಟ್ಟುಕೊಂಡು ಕೂತೆ. 15 ಲೀಟರ್ ಬಕೆಟ್ಟು ತುಂಬಲು 90 ನಿಮಿಷ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. ಅಂದರೆ ನಮ್ಮ ಬಚ್ಚಲಿನ ಒಳಹರಿವು ಒಂದು ಕ್ಯೂಸೆಕ್‌ನ ಹತ್ತು ಸಾವಿರದಲ್ಲಿ ಒಂದು ಪಾಲು. ಈ ಲೆಕ್ಕವನ್ನು ಹೆಮ್ಮೆಯಿಂದ ಹೆಂಡತಿಗೆ ಹೇಳಿದೆ. "ಹೊರಹರಿವು ಯಾರು ನೋಡ್ಕೋತಾರೆ?" ಅಂದಳು. ಕರಿಬೇವಿನ ಗಿಡ, ಕಾಂಪೌಂಡು, ಸ್ಕೂಟರು, ಮತ್ತೆ ಕರಿಬೇವಿನ ಗಿಡ. ಆ ಗಿಡ ಪಾಪ, ಬೇರು ಕೊಳೆಯುವ ಹಂತಕ್ಕೆ ಬಂತು.

ರಾತ್ರಿ ಇನ್ನೊಂದು ಕಾಟ, ಸದ್ದು. ಬಕೆಟ್ಟಿಗೆ ನೀರು ಬೀಳುವ ಸದ್ದು ಹಗಲು ಯಾರಿಗೂ ಕೇಳಿಸುವುದಿಲ್ಲ. ರಾತ್ರಿ ಒಂದು ಗಂಟೆಗೆ ಅದು ಯಾರೋ ತಲೆಯೊಳಗೇ ಕೂತು ಚಕ್ಕುಲಿ ಮುರಿದ ಹಾಗೆ. ಹಳೇ ಪೈಜಾಮದ ಲಾಡಿ ಕಿತ್ತು ನಲ್ಲಿಯ ಮೂತಿಗೆ ಕಟ್ಟಿ ಬಕೆಟ್ಟಿನೊಳಕ್ಕೆ ಇಳಿಬಿಟ್ಟೆ. ನೀರು ಲಾಡಿ ಹಿಡಿದುಕೊಂಡು ಸದ್ದಿಲ್ಲದೆ ಇಳಿಯಿತು. ನನ್ನ ಜೀವನದ ಮೊದಲ ಪ್ಲಂಬಿಂಗ್ ಯಶಸ್ಸು. ಬೆಳಗ್ಗೆ ಗೊತ್ತಾಯಿತು, ಅದು ಹಳೇ ಪೈಜಾಮ ಅಲ್ಲ.

ನಿದ್ದೆಗೆಟ್ಟಾಗ ತಲೆಗೆ ವ್ಯಾಕರಣ ಬರುತ್ತದೆ. ಬಂದೆ, ಹೋದೆ, ತಿಂದೆ ಎಲ್ಲ ಭೂತಕಾಲ ಅಂತ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದರು. ಆದರೆ ಕನ್ನಡದಲ್ಲಿ ಯಾರಾದರೂ "ಬಂದೆ" ಅಂದರೆ ಅವರು ಇನ್ನೂ ಬಂದಿಲ್ಲ ಅಂತಲೇ ಅರ್ಥ. ಬಂದಿದ್ದರೆ ಹೇಳುವ ಅಗತ್ಯವೇ ಇಲ್ಲವಲ್ಲ, ಕಣ್ಣಿಗೆ ಕಾಣುತ್ತಾರೆ! ಹೋಟೆಲಿನಲ್ಲೂ ಇದೇ ಕತೆ. ಮಸಾಲೆ ದೋಸೆ ಎಲ್ಲಪ್ಪಾ ಅಂದರೆ "ತಂದೆ ಸಾರ್, ತಂದೆ" ಅಂತ ಒಳಗೆ ಓಡುತ್ತಾರೆ. ನೋಡಿದರೆ ಟೇಬಲ್ ಮೇಲೆ ದೋಸೆಯೂ ಇಲ್ಲ, ತಂದೆಯೂ ಇಲ್ಲ. "ಆಯ್ತು" ಕೂಡ ಹಾಗೇ. "ನಾಳೆ ಖಂಡಿತ ಬರಬೇಕು" ಅಂದರೆ "ಆಯ್ತು ಸಾ" ಅನ್ನುತ್ತಾರೆ. ಏನು ಆಯ್ತು? ಫೋನ್ ಮಾತು ಆಯ್ತು, ಅಷ್ಟೇ.

ಇನ್ನು ಆ "ಏ". ಇಲ್ಲೇ, ಹತ್ತೇ ನಿಮಿಷ, ಈಗ್ಲೇ. ಇದಕ್ಕೆ ಅವಧಾರಣೆ ಅಂತ ಹೆಸರು, ಮಾತಿಗೆ ಒತ್ತು ಕೊಡುತ್ತದಂತೆ. ನನ್ನ ಅನುಭವದಲ್ಲಿ ಅದು ಕೊಡುವುದು ಒತ್ತಲ್ಲ, ರಬ್ಬರು. ಹತ್ತು ನಿಮಿಷ ಅಂದರೆ ಅರ್ಧ ಗಂಟೆ. ಹತ್ತೇ ನಿಮಿಷ ಅಂದರೆ ಮಧ್ಯಾಹ್ನದ ಊಟ ಮುಗಿಸಿಕೊಂಡು ಕೂರಬಹುದು. "ಬಂದೇಬಿಟ್ಟೆ" ಅಂದರೆ ಆವತ್ತಿನ ಆಸೆ ಬಿಡಬಹುದು.

ನಮ್ಮ ಚಿಕ್ಕ ವಯಸ್ಸಿನಲ್ಲಿ, 1990ರ ದಶಕದಲ್ಲಿ, ಮನೆಮನೆಯ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿರುತ್ತಿದ್ದರು. ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತದೆ, ಇದನ್ನು ಓದಿ ವಾಪಸ್ ಹೋಗುತ್ತದೆ, ಮರುದಿನ ಮತ್ತೆ ಬಂದು ಮತ್ತೆ ಓದುತ್ತದೆ ಅನ್ನುವ ನಂಬಿಕೆ. ಆಗ ಹೆದರಿಕೆ ಆಗುತ್ತಿತ್ತು. ಈಗ ಆ ದೆವ್ವದ ಮೇಲೆ ಗೌರವ ಬಂದಿದೆ. ನಾಳೆ ಬಾ ಅಂದರೆ ನಾಳೆ ಬರುತ್ತಿತ್ತು. ಅದಕ್ಕೆ ನಲ್ಲಿ ರಿಪೇರಿ ಬರುತ್ತಿದ್ದರೆ ಎಷ್ಟು ಚೆನ್ನಾಗಿತ್ತು.

ಕೊನೆಗೆ ಒಗಟು ಬಿಡಿಸಿದ್ದು ಮಗಳು. ಪರೀಕ್ಷೆಗೆ ಓದುತ್ತಿದ್ದವಳು ತಲೆ ಎತ್ತದೆ, "ಅಪ್ಪಾ, ಅದು ಭೂತಕಾಲ ಅಲ್ಲ, ಸಂಭಾವನಾರ್ಥಕ" ಅಂದಳು. ಮಳೆ ಬಂದೀತು, ಅವನು ಬಂದಾನು, ನಾನು ಬಂದೇನು. ಬರಲೂಬಹುದು, ಬರದೇ ಇರಲೂಬಹುದು. ಅಂದರೆ ಆ ಮನುಷ್ಯ ನನಗೆ ಒಂದು ದಿನವೂ ಸುಳ್ಳು ಹೇಳಿರಲಿಲ್ಲ. "ಬಂದೇನು" ಅನ್ನುತ್ತಿದ್ದರು, ಕೊನೆಯ "ನು" ಸಿಗ್ನಲ್‌ನಲ್ಲಿ ಕಟ್ ಆಗುತ್ತಿತ್ತು. ಕೇಶಿರಾಜ 13ನೇ ಶತಮಾನದಲ್ಲೇ ಕೂತು ವ್ಯಾಕರಣ ಬರೆದಿಟ್ಟ. ಅವನ ಮನೆಯಲ್ಲಿ ನಲ್ಲಿ ಇರಲಿಲ್ಲ, ಪುಣ್ಯಾತ್ಮ.

ಹನ್ನೆರಡನೇ ದಿನ ಬೆಳಗ್ಗೆ ಆರೂವರೆಗೆ ಬೆಲ್ ಆಯಿತು. ಹಾಲಿನವರು ಅಂದುಕೊಂಡು ಪಾತ್ರೆ ಹಿಡಿದು ಬಾಗಿಲು ತೆಗೆದೆ. ಪ್ಲಂಬರ್! ಫೋನಿಲ್ಲ, ಬಂದೆ ಅನ್ನಲಿಲ್ಲ, ನೇರವಾಗಿ ಬಂದೇ ಬಂದಿದ್ದರು. ಬಚ್ಚಲಿಗೆ ಹೋದರು. ಲಾಡಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನನ್ನನ್ನೊಮ್ಮೆ ನೋಡಿದರು. ಏನೂ ಕೇಳಲಿಲ್ಲ, ದೊಡ್ಡ ಮನುಷ್ಯ. ನಲ್ಲಿಯ ತಲೆ ಬಿಚ್ಚಿದರು. ಒಳಗಿನ ವಾಷರ್ ಹಳೇ ಬೆಲ್ಲದ ಚೂರಿನಂತೆ ಸವೆದು ಹೋಗಿತ್ತು. ಜೇಬಿನಿಂದ ಹೊಸದು ತೆಗೆದು ಹಾಕಿದರು. ನಾಲ್ಕು ನಿಮಿಷ. ಒಲೆಯ ಮೇಲಿಟ್ಟ ಕಾಫಿ ನೀರು ಇನ್ನೂ ಕುದಿ ಬಂದಿರಲಿಲ್ಲ.

"ಎಷ್ಟು ಕೊಡ್ಲಿ?"

"ನಿಮಗ್ ಗೊತ್ತಿಲ್ವಾ ಸಾ? ನೀವ್ ಕೊಟ್ಟಷ್ಟು ಕೊಡಿ."

ಕನ್ನಡದಲ್ಲಿ ಇದಕ್ಕಿಂತ ಕಷ್ಟದ ವಾಕ್ಯ ಇಲ್ಲ. 150 ಕೊಟ್ಟೆ. ಅವರು ನೋಟನ್ನೇ ನೋಡುತ್ತಾ ನಿಂತರು, ಬೇಜಾರಿಲ್ಲ, ಕೋಪವಿಲ್ಲ, ಸುಮ್ನೆ ನೋಡುತ್ತಾ. ಇನ್ನೂ 50 ಕೊಟ್ಟೆ. "ಬತ್ತೀನಿ ಸಾ" ಅಂದು ಹೊರಟರು.

ಹೋಗುವವರು "ಬರ್ತೀನಿ" ಅನ್ನುವುದು ನಮ್ಮಲ್ಲಿ ಹೊಸದೇನಲ್ಲ. ಹೋಗ್ತೀನಿ ಅನ್ನಬಾರದು, ಒಳ್ಳೆಯದಲ್ಲ. ನಮ್ಮಜ್ಜಿ ಡಬ್ಬದಲ್ಲಿ ಅಕ್ಕಿ ಮುಗಿದರೆ "ಅಕ್ಕಿ ತುಂಬಿದೆ" ಅನ್ನುತ್ತಿದ್ದರು. ಖಾಲಿ ಅನ್ನುವ ಮಾತು ಅಡುಗೆಮನೆಯಲ್ಲಿ ಬರಬಾರದಿತ್ತು. ಒಂದು ಸಲ ನನ್ನನ್ನು ತಾತನ ಹತ್ತಿರ ಕಳಿಸಿದರು. ನಾನು ನಿಷ್ಠೆಯಿಂದ "ತಾತಾ, ಅಕ್ಕಿ ಬೇಕಾದಷ್ಟು ಇದೆಯಂತೆ" ಅಂದೆ. ಆವತ್ತು ರಾತ್ರಿ ಎಲ್ಲರಿಗೂ ಉಪ್ಪಿಟ್ಟು.

ಪ್ಲಂಬರ್ ಹೋದ ಮೇಲೆ ಬಚ್ಚಲಿಗೆ ಹೋಗಿ ನೋಡಿದೆ. ಒಳಹರಿವು ಸೊನ್ನೆ. ಕಿಟಕಿಯ ಮೇಲೆ ಅವರ ಪೈಪ್ ರೆಂಚು ಕೂತಿತ್ತು, ಮರೆತು ಹೋಗಿದ್ದರು. ಒಳ್ಳೇ ತೂಕದ ರೆಂಚು, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ್ದಾರೆ. ಇದಿಲ್ಲದೆ ಮೂರು ವಾರದಿಂದ ಹೇಗೆ ಕೆಲಸ ಮಾಡುತ್ತಿದ್ದಾರೋ ಗೊತ್ತಿಲ್ಲ. ನಿನ್ನೆ ಮತ್ತೆ ಫೋನ್ ಮಾಡಿ, ಬಂದು ತಗೊಂಡು ಹೋಗಪ್ಪಾ ಅಂದೆ.

"ಬಂದೆ ಸಾ" ಅಂದಿದ್ದಾರೆ.