ಗೊರೂರಿನ ನೀರು ಪಾವೂರು ಉಳಿಯಕ್ಕೆ ಹೋಗುವುದಿಲ್ಲ

ಹೇಮಾವತಿ ನದಿಗೆ ಕಟ್ಟಿರುವ ಗೊರೂರು ಅಣೆಕಟ್ಟೆಯ ಗೇಟು ತೆರೆದರೆ ಮಂಗಳೂರು ಬಳಿಯ ಪಾವೂರು ಉಳಿಯ ದ್ವೀಪ ಮುಳುಗುತ್ತದೆ ಎಂಬ ಸಂದೇಶ ಹಾಸನದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಶುದ್ಧ ಸುಳ್ಳು. ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟುವ ಹೇಮಾವತಿ ಪೂರ್ವಕ್ಕೆ ಹರಿದು ಕಾವೇರಿ ಸೇರುತ್ತದೆ. ಪಾವೂರು ಉಳಿಯ ಇರುವುದು ಅರಬ್ಬಿ ಸಮುದ್ರಕ್ಕಿಳಿಯುವ ನೇತ್ರಾವತಿಯಲ್ಲಿ. ನಡುವೆ ಘಟ್ಟದ ನೆತ್ತಿಯೇ ಅಡ್ಡ ನಿಂತಿದೆ.

ಹಾಗೆಂದು ನಮ್ಮ ಜಿಲ್ಲೆಗೂ ಆ ದ್ವೀಪಕ್ಕೂ ನಂಟೇ ಇಲ್ಲವೆಂದಲ್ಲ. ಸಕಲೇಶಪುರದಾಚೆ ಶಿರಾಡಿ ಇಳಿಜಾರಿನಲ್ಲಿ ಬಿದ್ದ ಮಳೆ ಕೆಂಪುಹೊಳೆಯಾಗಿ ಗುಂಡ್ಯಕ್ಕಿಳಿದು, ಕುಮಾರಧಾರೆಯೊಡನೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಆ ನೀರಿಗೆ ಗೊರೂರಿನ ಗೇಟಿನ ಹಂಗಿಲ್ಲ. ತಗ್ಗಿನಲ್ಲಿರುವ ದ್ವೀಪಕ್ಕೆ ನೆರೆ ತರುವುದು ಘಟ್ಟದ ಮಳೆ. ಅದೇ ಹೊತ್ತಿಗೆ ಕಡಲು ಉಬ್ಬರದಲ್ಲಿದ್ದರೆ ಹೊಳೆಯ ನೀರು ಇಳಿಯುವುದು ತಡವಾಗುತ್ತದೆ. ಹೊಳೆಯ ನಡುವೆ ಬದುಕುವವರನ್ನು ದಯವಿಟ್ಟು ಇಂಥ ಸಂದೇಶಗಳಿಂದ ಹೆದರಿಸಬೇಡಿ.