ಗೋಡೆಯಾಚೆಯ ಶಾಲೆಗೆ ಊರು ಸುತ್ತಿ ಹೋಗಬೇಕಂತೆ

ನಮ್ಮ ರಸ್ತೆ ಒಂದು ಗೋಡೆಗೆ ಹೋಗಿ ಮುಗಿಯುತ್ತೆ. ಆಚೆ ಬದಿ ಶಾಲೆ. ಗಂಟೆ ಹೊಡೆದರೆ ನಮ್ಮ ಅಡುಗೆಮನೆಗೆ ಕೇಳುತ್ತೆ. ಆದರೆ ಮಗುವನ್ನು ಬಿಡಬೇಕಂದ್ರೆ ಗಾಡಿ ತೆಗೆದು, ಬಡಾವಣೆಗಿರೋ ಒಂದೇ ಗೇಟಿನಿಂದ ಹೊರಬಿದ್ದು, ಮುಖ್ಯರಸ್ತೆಯ ಟ್ರಾಫಿಕ್ಕಲ್ಲಿ ಒದ್ದಾಡಿ, ಯೂ ಟರ್ನ್ ಹೊಡೆದು, ಪಕ್ಕದ ಬಡಾವಣೆಯ ಒಂದೇ ಗೇಟಿನಲ್ಲಿ ನುಗ್ಗಬೇಕು. ಯಾವ ಸಂಪತ್ತಿಗೆ?

ಯಾರೋ ಪುಣ್ಯಾತ್ಮರು ಗೋಡೆ ಬುಡಕ್ಕೆ ಸಿಮೆಂಟ್ ಬ್ಲಾಕ್ ಪೇರಿಸಿಟ್ಟಿದ್ದರು. ದೊಡ್ಡ ಮಕ್ಕಳು ಬ್ಯಾಗ್ ಆಚೆ ಎಸೆದು ಹಾರಿಕೊಂಡು ಹೋಗ್ತಿದ್ದರು. ಅದೂ ನಮ್ಮ ಬಡಾವಣೆ ನಿವಾಸಿಗಳ ಸಂಘದವರ ಕಣ್ಣು ಕುಕ್ಕಿತು. ಬ್ಲಾಕ್ ಎತ್ತಿಸಿದ್ದಲ್ಲದೆ ಗೋಡೆ ಮೇಲೆ ಗಾಜಿನ ಚೂರು ನೆಡಿಸಿದರು. ಕೇಳಿದರೆ 'ಹೊರಗಿನವರು ಒಳಗೆ ಬರ್ತಾರೆ' ಅಂತಾರೆ. ಹೊರಗಿನವರು ಯಾರ್ರೀ, ಪಕ್ಕದ ಬೀದಿಯವರಾ?

ಸಂಘದವರನ್ನಷ್ಟೇ ಬೈದು ಏನು ಬಂತು. ಇಂಥ ನಕ್ಷೆಗೆ ಸೀಲು ಒತ್ತಿದವರು, ಪಕ್ಕದ ಬಡಾವಣೆಯ ನಕ್ಷೆಯನ್ನ ಒಂದು ಸಲ ಜೊತೆಗಿಟ್ಟು ನೋಡಬಾರದಿತ್ತಾ?

1929ರಲ್ಲಿ ಅಮೆರಿಕದ ರ‍್ಯಾಡ್‌ಬರ್ನ್‌ನಲ್ಲಿ ಇಂಥ ಮುಂದೆ ದಾರಿಯಿಲ್ಲದ ಬೀದಿಗಳನ್ನು ಕಟ್ಟಿದವರು ಕಾರಿಗೆ ಮಾತ್ರ ತಡೆ ಹಾಕಿದ್ದರು. ನಡೆಯೋರಿಗೆ ಮನೆಗಳ ಹಿಂದೆ ಪಾರ್ಕಿನೊಳಗೆ ಕಾಲುದಾರಿ, ರಸ್ತೆ ಕೆಳಗೆ ಸುರಂಗ ಕೂಡ ಇತ್ತು. ನಮ್ಮವರು ತಡೆಯನ್ನ ಇಟ್ಟುಕೊಂಡು ಕಾಲುದಾರಿಯನ್ನ ನುಂಗಿ, ಅಲ್ಲಿ ಇನ್ನೊಂದು ಸೈಟ್ ಮಾರಿದರು. ಅದೇ ಅಮೆರಿಕದ ವರ್ಜೀನಿಯಾ ರಾಜ್ಯ 2009ರಲ್ಲಿ ಖಡಾಖಂಡಿತವಾಗಿ ಹೇಳಿತು: ಹೊಸ ಬಡಾವಣೆ ಅಕ್ಕಪಕ್ಕಕ್ಕೆ ರಸ್ತೆ ಜೋಡಿಸದಿದ್ದರೆ ಅದರ ರಸ್ತೆಗಳ ನಿರ್ವಹಣೆ ಸರ್ಕಾರದ್ದಲ್ಲ. ಇಲ್ಲಿ ಆ ಮಾತೆತ್ತೋರೂ ಇಲ್ಲ.

ಬಸ್ಸೂ ಒಳಗೆ ಬರಲ್ಲ, ಬಂದ ದಾರಿಯಲ್ಲೇ ತಿರುಗಿ ಹೋಗೋ ಕರ್ಮ ಅದಕ್ಕೆ ಯಾಕೆ? ಹಾಗಾಗಿ ವಯಸ್ಸಾದವರು ಸ್ಟಾಪಿನ ತನಕ ಕಾಲೆಳೆದುಕೊಂಡು ಹೋಗಬೇಕು. ಉಳಿದವರೆಲ್ಲ ಗಾಡಿ ಹತ್ತುತ್ತಾರೆ, ಅಷ್ಟೂ ಗಾಡಿ ಒಂದೇ ಮುಖ್ಯರಸ್ತೆಗೆ ಸುರಿಯುತ್ತೆ. ಬದಲಿ ದಾರಿಯೇ ಇಲ್ಲ, ಒಂದು ಲಾರಿ ಕೆಟ್ಟು ನಿಂತರೆ ಆಂಬುಲೆನ್ಸ್ ಕೂಡ ಅಲ್ಲೇ. ಅದಕ್ಕೆ ಕಂಡುಕೊಂಡ ಮದ್ದೇನು ಗೊತ್ತಾ? ರಸ್ತೆ ಅಗಲೀಕರಣ! ಮರಗಳಿಗೆ ಬಣ್ಣದಲ್ಲಿ ನಂಬರ್ ಬರೆದು ಹೋಗಿದ್ದಾರೆ. ಅಗಲ ಆದಮೇಲೆ ನಡೆದು ದಾಟೋದೂ ಅಷ್ಟಕ್ಕಷ್ಟೆ.

ಇನ್ನೂ ಆಚೆ, ಮೊನ್ನೆವರೆಗೂ ಹೊಲವಿದ್ದಲ್ಲಿ ಮತ್ತೊಂದು ಬಡಾವಣೆ ಏಳ್ತಿದೆ. ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದಾರೆ: 'ಒಂದೇ ಪ್ರವೇಶದ್ವಾರ, ಸುತ್ತಲೂ ಎತ್ತರದ ಕಾಂಪೌಂಡ್'. ಕೆಳಗೆ 'ಅನುಮೋದಿತ' ಅಂತಲೂ ಇದೆ.