ಸತ್ಯಾಂಶ: ಪಿಂಕ್ ಫ್ಲಾಯ್ಡ್ ಆಲ್ಬಂಗೆ ಹೆಸರು ಬಂದದ್ದು ಅಮಲಿನಿಂದಲ್ಲ

ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ಮೊದಲ ಆಲ್ಬಂ ‘ದಿ ಪೈಪರ್ ಅಟ್ ದಿ ಗೇಟ್ಸ್ ಆಫ್ ಡಾನ್’ ಬ್ರಿಟನ್ನಿನಲ್ಲಿ ಬಂದದ್ದು 1967ರ ಆಗಸ್ಟ್‌ನಲ್ಲಿ. ಎಲ್‌ಎಸ್‌ಡಿ ಎಂಬ ಮಾದಕವಸ್ತುವಿನ ಅಮಲಿನಲ್ಲಿ ಬ್ಯಾಂಡಿನ ಹಾಡುಗಾರ ಸಿಡ್ ಬ್ಯಾರೆಟ್‌ಗೆ ಈ ಹೆಸರು ಹೊಳೆಯಿತು ಅಂತ ಫಾರ್ವರ್ಡ್ ಒಂದು ಓಡಾಡುತ್ತಿದೆ. ಅದು ತಪ್ಪು. ಕೆನೆತ್ ಗ್ರಹಾಂ 1908ರಲ್ಲಿ ಪ್ರಕಟಿಸಿದ ಮಕ್ಕಳ ಪುಸ್ತಕ ‘ದಿ ವಿಂಡ್ ಇನ್ ದಿ ವಿಲೋಸ್’ನ ಏಳನೇ ಅಧ್ಯಾಯದ ಹೆಸರೇ ಇದು. ಅದರಲ್ಲಿ ರ‍್ಯಾಟ್ ಮತ್ತು ಮೋಲ್ ಎಂಬ ಪ್ರಾಣಿ ಗೆಳೆಯರು, ಕಳೆದುಹೋದ ನೀರುನಾಯಿ ಮರಿಯನ್ನು ಹುಡುಕುತ್ತಾ ರಾತ್ರಿ ದೋಣಿ ಹತ್ತುತ್ತಾರೆ. ಬೆಳಗಿನ ಜಾವ ಕೊಳಲಿನ ದನಿ ಕೇಳಿಸುತ್ತದೆ. ಹೋಗಿ ನೋಡಿದರೆ ನಡುಗಡ್ಡೆಯಲ್ಲಿ ಗ್ರೀಕ್ ಪುರಾಣದ, ಆಡಿನ ಕಾಲುಗಳ ಪ್ಯಾನ್ ದೇವರು. ಅವನ ಗೊರಸುಗಳ ನಡುವೆ ಮರಿ ಹಾಯಾಗಿ ನಿದ್ದೆ ಹೊಡೆಯುತ್ತಿದೆ!

ಬ್ಯಾರೆಟ್ ಎಲ್‌ಎಸ್‌ಡಿ ತೆಗೆದುಕೊಳ್ಳುತ್ತಿದ್ದದ್ದು ನಿಜವೇ. ಆದರೆ ಬೆದರುಬೊಂಬೆ, ಬೆಕ್ಕು, ಸೈಕಲ್ ಮೇಲೆಲ್ಲ ಹಾಡು ಕಟ್ಟಿದವನಿಗೆ ಮಕ್ಕಳ ಕಥೆಯ ಹೆಸರು ಹಿಡಿಸಿದ್ದರಲ್ಲಿ ವಿಚಿತ್ರವೇನಿಲ್ಲ, ಅಲ್ವಾ? ಆ ಆಲ್ಬಂನ 11 ಹಾಡುಗಳಲ್ಲಿ 8 ಅವನೊಬ್ಬನೇ ಬರೆದವು.